ಹಾಡು ಮತ್ತು ದಫ್ತರ

ಪ್ರಜೆಗಳ ಕೈಯ ಹತಾರವನ್ನು ಸರಕಾರಗಳು ಕಸಿದುಕೊಳ್ಳಬಲ್ಲವು, ನೆನಪನ್ನು ಕಸಿದುಕೊಳ್ಳಬಲ್ಲವೇ? ಮುದ್ದೇಬಿಹಾಳ ಸೀಮೆಯ ಜಾತ್ರೆಗಳಲ್ಲಿ ಡಪ್ಪಿನ ಸಪ್ಪಳದೊಡನೆ ಲಾವಣಿಯನ್ನು ಕೇಳಿದವರಿಗೆ ಉತ್ತರವು ತಿಳಿಯದ್ದಲ್ಲ.

ಪಡುವಣಕ್ಕಿರುವ ಹಲಗಲಿಯು ಅಂದು ಮುಧೋಳ ಸಂಸ್ಥಾನದ ಹಳ್ಳಿ. 1857ರಲ್ಲಿ ಆಂಗ್ಲರು ನಿಶ್ಶಸ್ತ್ರೀಕರಣದ ಕಾಯಿದೆಯನ್ನು ಜಾರಿಗೆ ತರಲು, ಅಲ್ಲಿಯ ಬೇಡರು ಹತಾರಗಳನ್ನೊಪ್ಪಿಸಲು ಒಲ್ಲೆನೆಂದರು. ದಂಡು ಬಂದು ಊರಿಗೆ ಬೆಂಕಿಯಿಕ್ಕಿತು. ಸೆರೆಸಿಕ್ಕವರಲ್ಲಿ ಹಲವರು ಗಲ್ಲಿಗೇರಿದರು. ದಫ್ತರದಲ್ಲಿ ಅದು ಬರಿಯ ದಂಗೆ. ಲಾವಣಿಯಲ್ಲಿ ಮಾನಧನರ ಕಥೆ. ವಿಚಿತ್ರವೆಂದರೆ, ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಅದೇ ಸರಕಾರದ ಅಧಿಕಾರಿಯಾದ ಜೆ. ಎಫ್. ಫ್ಲೀಟ್.

ಹಾಡು-ಆಟಗಳ ಈ ಬಲವನ್ನು ಆಳುವವರು ಅರಿಯದಿರಲಿಲ್ಲ. 1876ರಲ್ಲಿ ನಾಟಕ ಪ್ರಯೋಗಗಳನ್ನು ಬಿಗಿಯುವ ಕಾಯಿದೆ ಹುಟ್ಟಿತು. ಖಾಡಿಲಕರರ ಮರಾಠಿ ನಾಟಕ ‘ಕೀಚಕವಧ’ವು 1910ರಲ್ಲಿ ನಿಷಿದ್ಧವಾಯಿತು. ಕೀಚಕನಲ್ಲಿ ಪ್ರೇಕ್ಷಕರು ಲಾರ್ಡ್ ಕರ್ಜನನನ್ನು ಕಂಡಿದ್ದರು. ನಾಟಕವನ್ನು ನಿಲ್ಲಿಸಬಹುದು, ಮನೆಮನೆಯ ಮಹಾಭಾರತವನ್ನು ನಿಲ್ಲಿಸುವದು ಯಾರಿಂದಾದೀತು?

ಹಾಗೆಂದು ಹಾಡಿದುದೆಲ್ಲವೂ ಸತ್ಯವಲ್ಲ. ದಫ್ತರವು ಕುಗ್ಗಿಸುವದು, ಲಾವಣಿಯು ಹಿಗ್ಗಿಸುವದು. ಎರಡನ್ನೂ ಒರೆಗೆ ಹಚ್ಚುವ ಸ್ವಾತಂತ್ರ್ಯವೇ ಇತಿಹಾಸದ ಪ್ರಾಣ. 1947ರಲ್ಲಿ ಆಳುವವರು ಬದಲಾದರು. ಈ ಧರ್ಮವು ಬದಲಾಗಲಿಲ್ಲ. ಸರಕಾರವು ಪರಕೀಯವಿರಲಿ, ಸ್ವಕೀಯವಿರಲಿ, ಅಂದಿನ ವೀರರಿಗೆ ಮಾಲೆ ಹಾಕಿ ಇಂದಿನ ಪ್ರಶ್ನೆಯನ್ನು ಅಡಗಿಸಿದರೆ ಅದು ಹಲಗಲಿಯನ್ನು ಎರಡನೆಯ ಸಲ ಸುಟ್ಟಂತೆಯೇ ಸರಿ.