ರುಚಿ ನೋಡದ ರಸಾಯನ

ಶ್ರೀರಾಮನವಮಿಯ ದಿನ ಹೊಳಲ್ಕೆರೆಯ ನಮ್ಮ ಮನೆಯಲ್ಲಿ ಒಲೆ ಹೊತ್ತುವುದಕ್ಕೆ ಮುಂಚೆಯೇ ರಸಾಯನ ಸಿದ್ಧವಾಗುತ್ತಿತ್ತು. ಅಡಕೆತೋಟದ ಮಧ್ಯೆ ಬೆಳೆದ ಪುಟ್ಟಬಾಳೆಯ ಹಣ್ಣುಗಳನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಿ, ಗಾಳಿ ತಾಗಿ ಕಪ್ಪಾಗದಂತೆ ಅವುಗಳ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿ, ಹೊಸದುರ್ಗದ ಕಡೆಯ ದಾಳಿಂಬೆಯ ಕಾಳುಗಳನ್ನು ಬಿಡಿಸಿ ಹಾಕಿ, ಪುಡಿಬೆಲ್ಲ, ಕಾಯಿತುರಿ, ಏಲಕ್ಕಿಗಳನ್ನು ಬೆರೆಸಿದರೆ ನಮ್ಮ ತಾಯಿಯವರ ಕೆಲಸ ಮುಗಿಯಿತು. ಬೇಯಿಸುವುದಿಲ್ಲವಾದ್ದರಿಂದ ಮುಸುರೆಯ ಮಾತಿಲ್ಲ; ಉಪವಾಸದವರಿಗೂ ಸಲ್ಲುತ್ತದೆ, ಹೊಟ್ಟೆಗೂ ಹಿತ. ಇಂದು ನಾವು ಉಪ್ಪಿಟ್ಟಿಗೂ ಹೇಳುವ ಫಲಾಹಾರವೆಂಬ ಶಬ್ದ ತನ್ನ ಮೂಲಾರ್ಥದಲ್ಲಿ ಉಳಿದಿರುವುದು ಇಂಥ ದಿನಗಳಲ್ಲಿ ಮಾತ್ರ.

ಆದರೆ ಒಂದು ಕಟ್ಟಳೆಯಿತ್ತು: ನೈವೇದ್ಯವಾಗುವ ತನಕ ಯಾರೂ ರುಚಿ ನೋಡಕೂಡದು, ಮಾಡಿದವರೂ ಕೂಡ. ಐದಾರು ವರ್ಷದವನಾಗಿದ್ದ ನಾನು ಒಮ್ಮೆ, ಅವರು ಅತ್ತ ತಿರುಗಿದ್ದಾಗ, ಬಿಡಿಸುತ್ತಿದ್ದ ದಾಳಿಂಬೆಯ ಹೋಳಿನಿಂದ ಒಂದು ಕಾಳನ್ನು ಕಿತ್ತು ಬಾಯಿಗೆ ಹಾಕಿಕೊಂಡೆ. ಅವರು ಗದರಲಿಲ್ಲ. ಆ ಹೋಳನ್ನು ಎತ್ತಿ ಬೇರೊಂದು ಬಟ್ಟಲಲ್ಲಿಟ್ಟು, "ಇದು ನಿನ್ನದಾಯ್ತು ಬಿಡಪ್ಪ" ಎಂದು ಹೇಳಿ ಮತ್ತೊಂದು ಹಣ್ಣನ್ನು ಕೈಗೆತ್ತಿಕೊಂಡರು.

ಒಂದು ಕಾಳಿನಿಂದ ಅರ್ಧ ಹಣ್ಣೇ ದೇವರಿಗೆ ಸಲ್ಲದೆ ಹೋಯಿತೆ? ಎಂಜಲು ದೇವರಿಗಾಗದೆಂದರೆ ಶಬರಿಯ ಕಥೆಗೆ ಏನು ಹೇಳೋಣ? ವಾಲ್ಮೀಕಿಯ ಶಬರಿ ಪಂಪಾತೀರದ ವನ್ಯಪದಾರ್ಥಗಳನ್ನು ಕೂಡಿಟ್ಟು ಅರ್ಪಿಸುತ್ತಾಳೆಯೇ ಹೊರತು ಕಚ್ಚಿ ನೋಡುವುದಿಲ್ಲ. ಕಚ್ಚಿ, ಸಿಹಿಯಾದುದನ್ನೇ ಆರಿಸಿ ಕೊಡುವ ಶಬರಿ ಅನಂತರದ ಭಕ್ತಹೃದಯಗಳಲ್ಲಿ ಹುಟ್ಟಿದವಳು. ಶಾಸ್ತ್ರವನ್ನು ಬಲ್ಲ ಜನರೇ ಶಾಸ್ತ್ರವನ್ನು ಮೀರಿದ ಆ ಮುದುಕಿಯನ್ನು ಇಷ್ಟು ಪ್ರೀತಿಯಿಂದ ಸಾಕಿಕೊಂಡು ಬಂದುದಕ್ಕೆ ಕಾರಣವಿರಲೇಬೇಕು. ಆಕೆಯ ನಾಲಿಗೆ ರಾಮನ ಪರವಾಗಿ ರುಚಿ ನೋಡಿತು. ಹುಳಿಯಾದುದು ಆಕೆಗೆ ಉಳಿಯಿತು. ನನ್ನ ನಾಲಿಗೆ ನನಗಾಗಿ ನೋಡಿತು. ತಾಯಿಯವರು ಎಂಜಲೆನ್ನದೆ "ನಿನ್ನದಾಯ್ತು" ಎಂದುದರ ಸೂಕ್ಷ್ಮ ಇದೆಂದು ನನಗೆ ಹೊಳೆದದ್ದು ಬಹುಕಾಲದ ಮೇಲೆ.

ಮುರುಘಾಮಠದ ಪ್ರಭಾವದಲ್ಲಿ ಬೆಳೆದ ಈ ದುರ್ಗದ ಸೀಮೆಯಲ್ಲಿ ಇದೇ ವಿಚಾರವನ್ನು ಶರಣರ ಪರಿಭಾಷೆಯಲ್ಲಿಯೂ ಹೇಳುತ್ತಾರೆ. ಅರ್ಪಿತವಾಗುವ ಮೊದಲು ಅದು ಪದಾರ್ಥ, ಅರ್ಪಿತವಾದ ಮೇಲೆ ಪ್ರಸಾದ. ಅಷ್ಟಾವರಣಗಳಲ್ಲಿ ಪ್ರಸಾದಕ್ಕೂ ಸ್ಥಾನವಿದೆ. ಬಾಳೆಯ ಬಿಲ್ಲೆ ಮೊದಲಿದ್ದಂತೆಯೇ ಇರುತ್ತದೆ, ತೂಕವೂ ಅಷ್ಟೇ. ಬದಲಾದದ್ದು ಅದರ ಮೇಲೆ ನಾವು ಹಿಡಿದಿದ್ದ ಹಕ್ಕು ಎಂದು ನಾನು ನಂಬುತ್ತೇನೆ.

ಆ ಹಕ್ಕಾದರೂ ಎಂತಹುದು? ಹಿರಿಯೂರಿನ ಹತ್ತಿರ ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ಮಾರಿಕಣಿವೆಯ ವಾಣಿವಿಲಾಸಸಾಗರ 1933ರಲ್ಲಿ ಕೋಡಿ ಬಿದ್ದಮೇಲೆ, ಮತ್ತೆ ಕೋಡಿ ಬಿದ್ದುದು 89 ವರ್ಷಗಳ ತರುವಾಯ, 2022ರಲ್ಲಿ. ಇಷ್ಟು ಕಾಲ ಮುಗಿಲನ್ನು ನೋಡುತ್ತ ಬದುಕಿದ ಬಯಲಿನಲ್ಲಿ ಒಂದು ದಾಳಿಂಬೆ ಕೆಂಪೇರಿತೆಂದರೆ ಅದನ್ನು ನಾನೇ ಬೆಳೆದೆನೆಂದು ಹೇಳಲು ಇಲ್ಲಿಯ ರೈತ ಹಿಂಜರಿಯುತ್ತಾನೆ. ಗೀತೆಯ ಒಂಬತ್ತನೆಯ ಅಧ್ಯಾಯದಲ್ಲಿ ಭಗವಂತ ಕೇಳುವುದು ಎಲೆ, ಹೂ, ಹಣ್ಣು, ನೀರು. ಈ ಪಟ್ಟಿಯಲ್ಲಿ ನೀರನ್ನೂ ಸೇರಿಸಿದುದರ ಬೆಲೆಯನ್ನು ಬಲ್ಲವರು ನಮ್ಮ ಕಡೆಯವರು.

ಆ ದಿನ ಮಂಗಳಾರತಿಯಾದ ಮೇಲೆ ನೆರೆಹೊರೆಯ ಮಕ್ಕಳೆಲ್ಲ ದೊನ್ನೆ ಹಿಡಿದು ಕುಳಿತರು. ಎಲ್ಲರಿಗೂ ಬಡಿಸಿ, ನನ್ನ ಬಟ್ಟಲನ್ನೂ ನನ್ನ ಮುಂದಿಟ್ಟು, ತಾಯಿಯವರು ಪಾತ್ರೆಯ ತಳದಲ್ಲಿ ಉಳಿದ ರಸವನ್ನು ಅಂಗೈಗೆ ಬಗ್ಗಿಸಿಕೊಂಡು ಕಣ್ಣಿಗೊತ್ತಿ ಕುಡಿದರು. ತಾವು ಮಾಡಿದುದರ ರುಚಿ ಅವರಿಗೆ ತಿಳಿದದ್ದು ಆಗಲೇ. "ಬೆಲ್ಲ ಒಂಚೂರು ಕಮ್ಮಿಯಾಯ್ತೇನೋ" ಎಂದರು.