ಒಂದೇ ಕೈಯ ಚಪ್ಪಾಳೆ

ಒಂದೇ ಕೈಯಿಂದ ಚಪ್ಪಾಳೆ ಆಗುವುದಿಲ್ಲ. ಗಣಪತಿ ಹಬ್ಬ, ಈದ್ ಮಿಲಾದ್ ಹತ್ತಿರ ಬಂದಾಗ ದಾವಣಗೆರೆ, ಹರಿಹರಗಳಲ್ಲಿ ನಡೆಯುವ ಶಾಂತಿಸಭೆಗಳಲ್ಲಿ ಈ ಗಾದೆ ಮೊದಲು, ಚಹಾ ಆಮೇಲೆ. ವೇದಿಕೆಯ ಮೇಲೆ ತಹಶೀಲ್ದಾರರು, ಪೊಲೀಸ್ ಅಧಿಕಾರಿಗಳು. ಎದುರಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಎಲ್ಲ ಸಮಾಜದ ಮುಖಂಡರು. ಹಿರಿಯರೊಬ್ಬರು ಎದ್ದು ನಿಲ್ಲುತ್ತಾರೆ: "ತಪ್ಪು ಎರಡೂ ಕಡೆ ಇರ್ತಾವ್ರೀ, ಒಂದು ಕೈಯಾಗ ಚಪ್ಪಾಳೆ ಆಕ್ಕೈತೇನು?" ಎಲ್ಲರೂ ತಲೆಯಾಡಿಸುತ್ತಾರೆ. ತಪ್ಪನ್ನು ಸಮಪಾಲು ಹಂಚಿದ ಮೇಲೆ ವಿಚಾರಿಸಲು ಏನೂ ಉಳಿದಿರುವುದಿಲ್ಲ.

ಗಾದೆ ಸುಳ್ಳಲ್ಲ, ಅದನ್ನು ತಂದಿಡುವ ಜಾಗ ತಪ್ಪು. ಚಪ್ಪಾಳೆಗೆ ಎರಡು ಕೈ ಬೇಕು, ನಿಜ. ಕಪಾಳಕ್ಕೆ ಬಾರಿಸಲು ಒಂದೇ ಸಾಕಲ್ಲ!

1990ರ ಅಕ್ಟೋಬರಿನಲ್ಲಿ ಅಯೋಧ್ಯೆ ಚಳವಳಿಯ ಕಾವಿಗೆ ದಾವಣಗೆರೆ ಹೊತ್ತಿಕೊಂಡಿತು; ಚನ್ನಪಟ್ಟಣ, ರಾಮನಗರಗಳೂ ಹಾಗೇ. ಅದೇ ತಿಂಗಳು ವೀರೇಂದ್ರ ಪಾಟೀಲರ ಮುಖ್ಯಮಂತ್ರಿ ಕುರ್ಚಿ ಹೋಯಿತು. ಆ ಸಲ ಏಟು ಬಿದ್ದದ್ದು ಹೆಚ್ಚಾಗಿ ಮುಸ್ಲಿಮರಿಗೆ. 2008ರಲ್ಲಿ ಸರದಿ ಕ್ರೈಸ್ತರದು. ಒಡಿಶಾದ ಕಂಧಮಾಲ್ ಉರಿಯುತ್ತಿದ್ದಾಗಲೇ, ಸೆಪ್ಟೆಂಬರ್ 14ರ ಭಾನುವಾರ ಮಂಗಳೂರು, ಉಡುಪಿ, ಚಿಕ್ಕಮಗಳೂರು ಕಡೆಯ ಚರ್ಚುಗಳ ಮೇಲೆ ದಾಳಿ ನಡೆಯಿತು; ದಾವಣಗೆರೆ ಜಿಲ್ಲೆಗೂ ಅದರ ಬಿಸಿ ತಟ್ಟಿತು. ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ 2011ರ ಜನವರಿಯಲ್ಲಿ ಕೊಟ್ಟ ಅಂತಿಮ ವರದಿಯಲ್ಲಿ, ಸರ್ಕಾರ ಮತ್ತು ಸಂಘ ಪರಿವಾರದ ಕೈವಾಡವಿದೆ ಎಂಬ ಶಂಕೆಗೆ ಆಧಾರವಿಲ್ಲ ಎಂದಿತು. ಆಮೇಲೆ ಊರಬಾಯಲ್ಲಿ ಉಳಿದದ್ದು ಒಂದೇ ಪ್ರಶ್ನೆ: ಇವರು ಮತಾಂತರ ಯಾಕೆ ಮಾಡಬೇಕಿತ್ತು? ಕಿಟಕಿ ಒಡೆಸಿಕೊಂಡವರೇ ಎರಡನೆಯ ಕೈಯಾದರು. 2022ರ ಫೆಬ್ರವರಿ 8ರಂದು ಹಿಜಾಬ್ ಗಲಾಟೆಯಲ್ಲಿ ಹರಿಹರದ ಕಾಲೇಜಿನ ಮುಂದೆ ಕಲ್ಲು ತೂರಾಟವಾಗಿ, ನಿಷೇಧಾಜ್ಞೆ ಬಂದಾಗಲೂ ಇದೇ ಚಪ್ಪಾಳೆಯ ಲೆಕ್ಕ.

ಏಟು ತಿಂದ ಮುಸ್ಲಿಮರು, ಕ್ರೈಸ್ತರು ತಾವಾಗಿಯೇ ಒಂದಾಗುತ್ತಾರೆ ಎಂಬುದು ಭಾಷಣಕ್ಕೆ ಚೆಂದ. 2021ರ ಸೆಪ್ಟೆಂಬರಿನಲ್ಲಿ ಕೇರಳದ ಪಾಲಾ ಬಿಷಪ್ ಮುಸ್ಲಿಮರ ಕಡೆ ಬೆರಳು ತೋರಿಸಿ 'ನಾರ್ಕೋಟಿಕ್ ಜಿಹಾದ್' ಎಂದು ಪ್ರವಚನ ಕೊಟ್ಟದ್ದು ಎಷ್ಟು ಬೇಗ ಮೊಬೈಲಿನಿಂದ ಮೊಬೈಲಿಗೆ ಹರಿಯಿತು! ಶ್ರೀಲಂಕಾದಲ್ಲಿ 2019ರ ಈಸ್ಟರ್ ದಿನ ಚರ್ಚುಗಳಲ್ಲಿ ಬಾಂಬ್ ಸಿಡಿದ ಮೇಲೆ ಸೇಡಿನ ಗುಂಪುಗಳು ಮುಸ್ಲಿಮರ ಮನೆ, ಅಂಗಡಿಗಳಿಗೆ ನುಗ್ಗಿದವು. ತನ್ನವರ ಹೆಣ ಹೂತು ಬಂದಿದ್ದ ಕೊಲಂಬೊ ಆರ್ಚ್‌ಬಿಷಪ್ ಮಾಲ್ಕಂ ರಂಜಿತ್, ಮುಸ್ಲಿಮರ ಮೇಲೆ ಕೈ ಎತ್ತಬೇಡಿ ಎಂದು ಬೇಡಿಕೊಳ್ಳಬೇಕಾಯಿತು. ಅವರು ತಪ್ಪನ್ನು ಸಮಪಾಲು ಹಂಚಲಿಲ್ಲ. ತಮ್ಮ ಕಡೆಯ ಕೈಯನ್ನು ಹಿಡಿದು ನಿಲ್ಲಿಸಲು ನೋಡಿದರು, ಅಷ್ಟೇ.

ಹೈದರಾಬಾದಿನ ಕ್ರೈಸ್ತ ಸಂಸ್ಥೆ ಹೆನ್ರಿ ಮಾರ್ಟಿನ್ ಇನ್‌ಸ್ಟಿಟ್ಯೂಟ್ 1930ರಲ್ಲಿ ಲಾಹೋರಿನಲ್ಲಿ ಶುರುವಾದಾಗ ಅದರ ಕೆಲಸ ಮುಸ್ಲಿಮರ ನಡುವೆ ಸುವಾರ್ತೆ ಸಾರುವವರನ್ನು ತಯಾರು ಮಾಡುವುದು. ದಾವಣಗೆರೆ ಹೊತ್ತಿದ ಅದೇ 1990ರ ಕೊನೆಗೆ ಹೈದರಾಬಾದಿನ ಹಳೇ ಊರಿನಲ್ಲೂ ಗಲಭೆಯಾಯಿತು. ಸಂಸ್ಥೆಯವರು ಪುಸ್ತಕ ಮುಚ್ಚಿಟ್ಟು ಪರಿಹಾರದ ಕೆಲಸಕ್ಕೆ ಇಳಿದರು. ಮುಂದೆ ಅದೇ ಗಲ್ಲಿಗಳಲ್ಲಿ ಮಕ್ಕಳಿಗೆ ಪಾಠ, ದವಾಖಾನೆ, ಹೆಣ್ಣುಮಕ್ಕಳಿಗೆ ಹೊಲಿಗೆ ಬಂದವು. ಮತ ಬದಲಿಸಲು ಹುಟ್ಟಿದ ಮನೆ ನೆರೆಹೊರೆಯ ಮನೆಯಾಯಿತು. ಯೇಸು ದೇವರ ಮಗನೋ ಪ್ರವಾದಿಯೋ ಎಂಬ ಜಗಳ ಇದರಿಂದ ತೀರಲಿಲ್ಲ, ತೀರಬೇಕಾಗಿಯೂ ಇರಲಿಲ್ಲ.

ಹರಿಹರದಲ್ಲಿ ಇಂಥ ನೆರೆಹೊರೆತನಕ್ಕೆ ನೆಲ ಹದವಾಗಿದೆ. ಹರಿಹರೇಶ್ವರನ ಅರ್ಧ ಶಿವ, ಅರ್ಧ ವಿಷ್ಣುವಿನ ಮೂರ್ತಿ ಎಲ್ಲರ ಭಾಷಣದಲ್ಲೂ ಸವೆದುಹೋಗಿದೆ, ಅದನ್ನು ಬಿಡೋಣ. ಸೆಪ್ಟೆಂಬರ್ 8ರ ಆರೋಗ್ಯ ಮಾತೆಯ ಜಾತ್ರೆ ನೋಡಿ. 2019ರಲ್ಲಿ ಬೆಸಿಲಿಕಾ ಎನಿಸಿಕೊಂಡ ಆ ಚರ್ಚಿನ ಮುಂದೆ, ಕುಂಕುಮ ಇಟ್ಟವರ ಹಿಂದೆ ಬುರ್ಖಾ ತೊಟ್ಟವರು ಮೇಣದಬತ್ತಿ ಹಿಡಿದು ಸಾಲಿನಲ್ಲಿ ನಿಂತಿರುವುದು ಊರಿಗೆ ಹೊಸದಲ್ಲ. ಆ ಮಾತೆಯ, ಅಂದರೆ ಯೇಸುವಿನ ತಾಯಿ ಮರಿಯಮ್ ಹೆಸರಿನಲ್ಲಿ ಕುರಾನಿನಲ್ಲಿ 19ನೆಯ ಅಧ್ಯಾಯವೇ ಇದೆ. ಆದರೆ ಸಾಲಿನಲ್ಲಿ ನಿಂತವರು ತಾಯಿಯೊಡನೆ ಮಾತಾಡುತ್ತಾರೆ, ಪಕ್ಕದವರೊಡನೆ ಅಲ್ಲ. ಅದನ್ನೇ ಸಂವಾದ ಎಂದುಕೊಂಡರೆ ನಮಗೆ ನಾವೇ ಮೋಸ ಮಾಡಿಕೊಂಡಂತೆ.

2024ರಲ್ಲಿ ಸೆಪ್ಟೆಂಬರ್ 7ಕ್ಕೆ ಗಣಪತಿ, 8ಕ್ಕೆ ಮಾತೆಯ ಹಬ್ಬ, 16ಕ್ಕೆ ಮಿಲಾದ್. 19ರಂದು ದಾವಣಗೆರೆಯಲ್ಲಿ ಗಣಪತಿ ಮೆರವಣಿಗೆಯ ವೇಳೆ ಕಲ್ಲು ಹಾರಿದವು. ಮುಂದಿನ ಶಾಂತಿಸಭೆಯಲ್ಲಿ ಗಾದೆಯನ್ನು ಪಕ್ಕಕ್ಕಿಟ್ಟು ಎರಡೇ ಪ್ರಶ್ನೆ ಕೇಳಲಿ. ಚರ್ಚಿನ ಗಾಜು ಒಡೆದ ರಾತ್ರಿ, ಪೊಲೀಸರಿಗಿಂತ ಮೊದಲು ಅಲ್ಲಿಗೆ ಬರುವ ಮೌಲವಿ ಯಾರು? ಮಸೀದಿಯ ಓಣಿಗೆ ಕಲ್ಲು ಬಿದ್ದ ರಾತ್ರಿ ಅಲ್ಲಿ ನಿಲ್ಲುವ ಪಾದ್ರಿ ಯಾರು? ಹೆಸರು, ಫೋನ್ ನಂಬರು ಅಲ್ಲೇ ಬರೆದುಕೊಡಲಿ, ಚಹಾ ಬರುವ ಮುಂಚೆ.