ದುಡಿಯುವವರ ಸ್ವಾಧ್ಯಾಯ

ಅಧ್ಯಯನಕ್ಕೆ ಆಯುಷ್ಯದಲ್ಲಿ ಗೊತ್ತುಮಾಡಿದ ಕಾಲವೊಂದಿದೆಯೇ ಎಂಬುದು ಧರ್ಮಚಿಂತನೆಯ ಹಳೆಯ ಪ್ರಶ್ನೆಗಳಲ್ಲೊಂದು. ಆಶ್ರಮವ್ಯವಸ್ಥೆಯನ್ನು ಮೇಲುಮೇಲಕ್ಕೆ ನೋಡಿದವರು ಬ್ರಹ್ಮಚರ್ಯದಲ್ಲಿ ಓದು, ಗಾರ್ಹಸ್ಥ್ಯದಲ್ಲಿ ದುಡಿಮೆ, ಆಮೇಲೆ ವೈರಾಗ್ಯ ಎಂದು ಲೆಕ್ಕ ಮುಗಿಸುತ್ತಾರೆ. ಗ್ರಂಥಗಳು ಹೇಳುವುದು ಅಷ್ಟು ಸರಳವಲ್ಲ. ಗೃಹಸ್ಥನಿಗೆ ವಿಧಿಸಿದ ಐದು ಮಹಾಯಜ್ಞಗಳಲ್ಲಿ ಬ್ರಹ್ಮಯಜ್ಞವೂ ಒಂದು. ಅದೆಂದರೆ ದಿನನಿತ್ಯದ ಸ್ವಾಧ್ಯಾಯ, ಋಷಿಋಣ ತೀರಿಸುವ ಬಗೆ. ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ, ಓದು ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಸ್ವಾಧ್ಯಾಯದಲ್ಲಿ ಎಚ್ಚರ ತಪ್ಪಬೇಡ ಎಂದೇ ಆಚಾರ್ಯ ಬುದ್ಧಿ ಹೇಳುತ್ತಾನೆ. ಅದೇ ವಲ್ಲಿ ಸತ್ಯ, ತಪಸ್ಸು, ಅತಿಥಿಸತ್ಕಾರ, ಮಕ್ಕಳು, ಮೊಮ್ಮಕ್ಕಳು ಎಂದು ಒಂದೊಂದು ಹೊಣೆಯನ್ನೂ ಹೆಸರಿಸಿ, ಪ್ರತಿಯೊಂದರ ಜೊತೆಗೂ ಓದುವುದನ್ನೂ ಓದಿಸುವುದನ್ನೂ ಸೇರಿಸುತ್ತ ಹೋಗುತ್ತದೆ. ಸಂಸಾರದ ಹೊಣೆ ಇಳಿದ ಮೇಲೆ ಓದು ಎಂಬ ಮಾತು ಅಲ್ಲಿಲ್ಲ.

ಆದರೆ ಈ ಉಪದೇಶ ಎಲ್ಲರಿಗೂ ಸಂದದ್ದಲ್ಲ ಎಂಬುದನ್ನು ಮರೆಮಾಚಬಾರದು. ಅಧಿಕಾರಭೇದದ ಹೆಸರಿನಲ್ಲಿ ದುಡಿಯುವ ಜಾತಿಗಳನ್ನೂ ಹೆಂಗಸರನ್ನೂ ಆ ಬಾಗಿಲಿನಿಂದ ಹೊರಗಿಟ್ಟದ್ದು ಅದೇ ಪರಂಪರೆ. ದುಡಿದು ಬಂದವರಿಗೆ ಓದುವ ಹಕ್ಕಿದೆ ಎಂಬುದನ್ನು ನೆಲದ ಮೇಲೆ ನಿಲ್ಲಿಸಿದ್ದು ರಾತ್ರಿಶಾಲೆಗಳು. ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ದಂಪತಿ ಕೂಲಿಕಾರರಿಗೂ ರೈತರಿಗೂ ಪುಣೆಯಲ್ಲಿ ರಾತ್ರಿಶಾಲೆ ತೆರೆದದ್ದು 1855ರಲ್ಲಿ. ಮುಂಬೈಯ ಗಿರಣಿ ಪ್ರದೇಶದ ನಡುಮಧ್ಯೆ ಇರುವ ಪರೇಲಿನಲ್ಲಿ, 1911ರಲ್ಲಿ ನಾ. ಮ. ಜೋಶಿಯವರು ಕಟ್ಟಿದ ಸೋಶಿಯಲ್ ಸರ್ವಿಸ್ ಲೀಗ್ ಗಿರಣಿ ಕಾರ್ಮಿಕರಿಗಾಗಿ ರಾತ್ರಿ ತರಗತಿಗಳನ್ನೂ ವಾಚನಾಲಯಗಳನ್ನೂ ನಡೆಸಿತು. ದಕ್ಷಿಣ ಕನ್ನಡ, ಉಡುಪಿಯ ಕಡೆಯಿಂದ ಹೋಟೆಲುಗಳಿಗೆ ಕೆಲಸಕ್ಕೆ ಬಂದ ಹುಡುಗರಿಗೂ ಇದೇ ದಾರಿ ತೆರೆಯಿತು. ಮೊಗವೀರರ ಸಂಸ್ಥೆ, ಬಿಲ್ಲವರ ಅಸೋಸಿಯೇಶನ್, ಕೋಟೆ ಭಾಗದ ಕನ್ನಡ ಭವನ ನಡೆಸಿದ ಕನ್ನಡ ರಾತ್ರಿಶಾಲೆಗಳಲ್ಲಿ ಹಗಲು ಲೋಟ ತೊಳೆದ ಕೈಗಳೇ ಸಂಜೆ ಪುಸ್ತಕ ಹಿಡಿದವು. ಮುಂಬೈ ಕನ್ನಡಿಗರಲ್ಲಿ ವಕೀಲರು, ಲೇಖಕರು, ಬ್ಯಾಂಕಿನ ಅಧಿಕಾರಿಗಳಾದ ಎಷ್ಟೋ ಮಂದಿ ಈ ದಾರಿಯಲ್ಲೇ ಮೇಲೆ ಬಂದವರು.

ರಾತ್ರಿಶಾಲೆಯ ನಂತರ ಬಂದದ್ದು ಅಂಚೆ ಶಿಕ್ಷಣ. ದೆಹಲಿ ವಿಶ್ವವಿದ್ಯಾಲಯ ಅದನ್ನು 1962ರಲ್ಲಿ, ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ, ಮುಂಬೈ ವಿಶ್ವವಿದ್ಯಾಲಯ 1971ರಲ್ಲಿ ಆರಂಭಿಸಿದವು. 1985ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ ಹುಟ್ಟಿತು. 2017ರ ಜುಲೈ 9ರಂದು ಆನ್‌ಲೈನ್ ಪಾಠಗಳಿಗಾಗಿ ಕೇಂದ್ರ ಸರ್ಕಾರದ 'ಸ್ವಯಂ' ವೇದಿಕೆ ತೆರೆಯಿತು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2020ರ ನಿಯಮಾವಳಿ ಆನ್‌ಲೈನ್ ಪದವಿಗೆ ಕಾನೂನಿನ ಚೌಕಟ್ಟು ಕೊಟ್ಟಿತು. ಇಂದು ಪರೇಲಿನ ಗಿರಣಿ ಜಾಗಗಳಲ್ಲಿ ಎದ್ದ ಕಚೇರಿಗಳಲ್ಲಿ, ಕೆಇಎಂ, ಟಾಟಾ ಸ್ಮಾರಕ, ವಾಡಿಯಾ ಆಸ್ಪತ್ರೆಗಳಲ್ಲಿ ದುಡಿಯುವವರು ಓದು ಮುಂದುವರಿಸಬೇಕೆಂದರೆ ಮೊದಲು ನೆನಪಾಗುವುದು ಈ ದಾರಿ. ಅಂಥವರ ಓದು ವಿದ್ಯೆಯೇ ಅಥವಾ ಬರಿಯ ಬಡ್ತಿಯ ಮೆಟ್ಟಿಲೇ ಎಂಬ ಪ್ರಶ್ನೆಯನ್ನು ತತ್ತ್ವದ ನೆಲೆಯಲ್ಲಿಯೇ ಕೇಳಬೇಕಾಗುತ್ತದೆ.

ಬಡ್ತಿಗಾಗಿ ಓದುವುದರಲ್ಲಿ ಕೀಳೇನೂ ಇಲ್ಲ. ಅರ್ಥವೂ ಪುರುಷಾರ್ಥವೇ. ಮುಂಡಕೋಪನಿಷತ್ತು ಪರಾ ಮತ್ತು ಅಪರಾ ಎಂದು ವಿದ್ಯೆಯನ್ನು ಎರಡಾಗಿ ವಿಂಗಡಿಸಿದರೂ, ಎರಡನ್ನೂ ತಿಳಿಯಬೇಕು ಎಂದೇ ಹೇಳುತ್ತದೆ. ಅಲ್ಲಿ ಅಂಗಿರಸನ ಬಳಿ ಪ್ರಶ್ನೆ ಹಿಡಿದು ಬಂದ ಶೌನಕ ಕೂಡ ದೊಡ್ಡ ಮನೆತನ ನಡೆಸುತ್ತಿದ್ದ ಗೃಹಸ್ಥ. ತೊಡಕು ಇರುವುದು ಬೇರೆ ಕಡೆ: ಯಾವುದನ್ನು, ಯಾಕೆ ಓದುತ್ತೇನೆ ಎಂಬುದನ್ನು ಇತ್ಯರ್ಥ ಮಾಡಿಕೊಳ್ಳದೆ ಶುಲ್ಕ ಕಟ್ಟುವಲ್ಲಿ. ಶಾಸ್ತ್ರಗ್ರಂಥಗಳನ್ನು ತೆರೆಯುವ ಮೊದಲು ಪಂಡಿತರು ಅನುಬಂಧಚತುಷ್ಟಯವನ್ನು ಕೇಳುತ್ತಿದ್ದರು. ಓದಲು ತಕ್ಕವರು, ಅಂದರೆ ಅಧಿಕಾರಿ, ಯಾರು, ವಿಷಯವೇನು, ಪ್ರಯೋಜನವೇನು, ಗ್ರಂಥಕ್ಕೂ ವಿಷಯಕ್ಕೂ ಸಂಬಂಧವೇನು ಎಂಬ ಈ ನಾಲ್ಕು ಪ್ರಶ್ನೆಗಳಿಗಿಂತ ಒಳ್ಳೆಯ ಪ್ರವೇಶಪರೀಕ್ಷೆ ಆನ್‌ಲೈನ್ ಕೋರ್ಸಿಗೂ ಸಿಗಲಾರದು. ಹತ್ತು ವರ್ಷ ವಾರ್ಡು ನಡೆಸಿದ ನರ್ಸ್ ಒಬ್ಬರು ಆಡಳಿತಶಾಸ್ತ್ರದ ಸ್ನಾತಕೋತ್ತರ ಪದವಿಗೆ ಸೇರುವಾಗ ಅಧಿಕಾರಿ, ವಿಷಯ, ಪ್ರಯೋಜನ ಮೂರೂ ಸ್ಪಷ್ಟವಾಗಿರುತ್ತವೆ. ಸಂಬಂಧವನ್ನು ಮಾತ್ರ ಪಠ್ಯಕ್ರಮ ಬಿಡಿಸಿ ಓದಿಯೇ ತಿಳಿಯಬೇಕು. ಜಾಹೀರಾತಿನಿಂದ ಅದು ತಿಳಿಯುವುದಿಲ್ಲ. ಆ ವಿಶ್ವವಿದ್ಯಾಲಯಕ್ಕೆ ಆ ವರ್ಷ, ಆ ಕೋರ್ಸಿಗೇ ಯುಜಿಸಿ ಮಾನ್ಯತೆ ಇದೆಯೇ ಎಂದು ನೋಡುವುದೂ ಇದರಲ್ಲೇ ಸೇರುತ್ತದೆ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ದೂರಶಿಕ್ಷಣಕ್ಕೆ 2012-13ರ ನಂತರದ ಸಾಲುಗಳಲ್ಲಿ ಮಾನ್ಯತೆ ತಪ್ಪಿ, 2018ರಲ್ಲಷ್ಟೇ ಮರಳಿತು. ನಡುವಿನ ವರ್ಷಗಳಲ್ಲಿ ಸೇರಿದ್ದವರ ಸಂಕಟ ಕನ್ನಡಿಗರಿಗೆ ಹೊಸದಲ್ಲ.

ಇನ್ನು ಕಾಲದ ಲೆಕ್ಕ. ಈಗಿನ ವ್ಯವಸ್ಥೆಯಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಕಲಿಕೆ. 80 ಕ್ರೆಡಿಟ್‌ನ ಸ್ನಾತಕೋತ್ತರ ಪದವಿಗೆ 2,400 ಗಂಟೆ ಬೇಕು. ಎರಡು ವರ್ಷದಲ್ಲೇ ಮುಗಿಸಹೊರಟರೆ ವಾರಕ್ಕೆ 23 ಗಂಟೆ. ಎಂಟು ಗಂಟೆ ದುಡಿದು, ಡೊಂಬಿವಲಿಯಿಂದ ಪರೇಲಿಗೆ ಹೋಗಿ ಬರುವುದರಲ್ಲಿ ಎರಡು ಗಂಟೆ ಕಳೆದು, ಮನೆಯಲ್ಲಿ ಒಲೆ ಹಚ್ಚಬೇಕಾದವರಿಗೆ ಇದು ಆಗದ ಮಾತು. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ ಸ್ನಾತಕೋತ್ತರ ಪದವಿಗೆ ನಾಲ್ಕು ವರ್ಷದವರೆಗೂ, ಬಿಎ ಪದವಿಗೆ ಆರು ವರ್ಷದವರೆಗೂ ಅವಕಾಶ ಕೊಟ್ಟಿರುವುದು ಇಂಥವರಿಗಾಗಿಯೇ. ನಾಲ್ಕು ವರ್ಷಕ್ಕೆ ಹರಡಿದರೆ ವಾರಕ್ಕೆ ಹನ್ನೊಂದೂವರೆ ಗಂಟೆ ಸಾಕು: ಆರು ದಿನ ಒಂದೂವರೆ ಗಂಟೆ, ಭಾನುವಾರ ಎರಡೂವರೆ. ಎರಡು ವರ್ಷದಲ್ಲಿ ಮುಗಿಸಿದವರೇ ಜಾಣರು ಎಂಬ ಭಾವನೆ ದುಡಿಯುವವರ ಓದನ್ನು ಕೆಡಿಸಿದಷ್ಟು ಬೇರೆ ಯಾವುದೂ ಕೆಡಿಸಿಲ್ಲ.

ಓದದಿರುವ ದಿನಗಳನ್ನು ಮೊದಲೇ ಗೊತ್ತುಮಾಡುವುದರಲ್ಲಿಯೂ ಹಿಂದಿನವರಿಗೆ ದೊಡ್ಡ ವಿವೇಕವಿತ್ತು. ಧರ್ಮಸೂತ್ರಗಳಲ್ಲಿ ಅನಧ್ಯಾಯದ ಪ್ರಕರಣಗಳು ಉದ್ದಕ್ಕೂ ಇವೆ. ಅಮಾವಾಸ್ಯೆ, ಹುಣ್ಣಿಮೆ, ಅಷ್ಟಮಿಗಳಲ್ಲದೆ ಗುಡುಗು ಮಿಂಚಿನ ಹೊತ್ತು, ವಾದ್ಯಗಳ ಸದ್ದು ಕೇಳುವ ಹೊತ್ತು, ನೊಂದವರ ಅಳು ಕಿವಿಗೆ ಬೀಳುವ ಹೊತ್ತು ವೇದ ಓದಬಾರದು. ಪರೇಲು, ಲಾಲ್‌ಬಾಗಿನ ಆಸುಪಾಸಿನಲ್ಲಿ ಇರುವವರಿಗೆ ಈ ಪಟ್ಟಿ ಹೊಸದಾಗಿ ಬರೆದಂತೆ ತೋರೀತು. ಜುಲೈನಲ್ಲಿ ಆರಂಭವಾಗುವ ಸೆಮಿಸ್ಟರಿನ ನಡುವೆಯೇ ಗಣೇಶೋತ್ಸವ ಬರುತ್ತದೆ. 1934ರಿಂದ ಲಾಲ್‌ಬಾಗಿನ ರಾಜಾ ಕೂರುವ ಆ ಹತ್ತು ದಿನ ಬೀದಿಯೇ ಚಪ್ಪರ. ಮಳೆಗಾಲದಲ್ಲಿ ಹಳಿಗೆ ನೀರು ನುಗ್ಗಿ ಲೋಕಲ್ ನಿಲ್ಲುವ ದಿನಗಳಿವೆ. ಆಸ್ಪತ್ರೆಯವರಿಗೆ ರಾತ್ರಿ ಪಾಳಿಯ ಮರುದಿನವಿದೆ. ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದಾಗ ಪುಸ್ತಕ ತೆರೆಯಬಾರದು ಎಂದು ನಿಯಮವೇ ಹೇಳಿದರೆ ತಪ್ಪಿತಸ್ಥ ಭಾವನೆ ಕಾಡುವುದಿಲ್ಲ. ವರ್ಷದ ಯೋಜನೆಯಲ್ಲಿ ಅನಧ್ಯಾಯಗಳನ್ನು ಮೊದಲು ಬರೆದು, ಉಳಿದ ದಿನಗಳಿಗೆ ಪಾಠ ಹಂಚಬೇಕು. ಓದಿನ ದಿನಗಳನ್ನೇ ಮೊದಲು ತುಂಬಿಸಿಕೊಂಡವರ ಪಟ್ಟಿ ಎರಡನೆಯ ವಾರಕ್ಕೇ ಹರಿದಿರುತ್ತದೆ.

ಕಲಿಕೆ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಹಳೆಯ ಸುಭಾಷಿತವೊಂದರ ಲೆಕ್ಕ ಪ್ರಸಿದ್ಧವಾಗಿದೆ: ಕಾಲುಭಾಗ ಆಚಾರ್ಯನಿಂದ, ಕಾಲುಭಾಗ ಸ್ವಂತ ಬುದ್ಧಿಯಿಂದ, ಕಾಲುಭಾಗ ಸಹಪಾಠಿಗಳಿಂದ, ಕೊನೆಯ ಕಾಲುಭಾಗ ಕಾಲಕ್ರಮದಲ್ಲಿ. 'ಸ್ವಯಂ' ವೇದಿಕೆಯ ಪಾಠಗಳಲ್ಲಿಯೂ ನಾಲ್ಕು ಭಾಗಗಳಿವೆ. ವಿಡಿಯೊ ಉಪನ್ಯಾಸ, ಇಳಿಸಿಕೊಂಡು ಓದುವ ಬರಹ, ಸ್ವಯಂ ಪರೀಕ್ಷೆ, ಸಂದೇಹ ಕೇಳುವ ಚರ್ಚಾವೇದಿಕೆ. ಎರಡನ್ನೂ ಪಕ್ಕದಲ್ಲಿಟ್ಟರೆ ಆಚಾರ್ಯ, ಬುದ್ಧಿ, ಸಹಪಾಠಿಗಳಿಗೆ ಜಾಗ ಕಾಣುತ್ತದೆ, ಕಾಲಕ್ಕೆ ಕಾಣುವುದಿಲ್ಲ. ಆದರೆ ದುಡಿಯುವವರಲ್ಲಿ ಆ ಕಾಲುಭಾಗ ಮೊದಲೇ ಸೇರಿಬಿಟ್ಟಿದೆ. ಇಪ್ಪತ್ತರ ಹುಡುಗನಿಗೆ ಸಿಬ್ಬಂದಿ ನಿರ್ವಹಣೆಯ ಪಾಠ ಬರಿಯ ವ್ಯಾಖ್ಯೆ. ಹಬ್ಬದ ರಜೆಗೆ ಎಲ್ಲರೂ ಒಟ್ಟಿಗೆ ಅರ್ಜಿ ಹಾಕಿದಾಗ ಡ್ಯೂಟಿ ಪಟ್ಟಿ ಬರೆದು ಬೈಸಿಕೊಂಡ ನರ್ಸಿಗೆ ಅದೇ ಪಾಠ ತನ್ನದೇ ಅನುಭವಕ್ಕೆ ಸಿಕ್ಕ ಶಾಸ್ತ್ರ. ವಯಸ್ಸಾದ ಮೇಲೆ ಓದು ತಲೆಗೆ ಹತ್ತದು ಎನ್ನುವವರು ಈ ಕಾಲುಭಾಗವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ನಿಜವಾಗಿ ಕೊರತೆ ಬೀಳುವುದು ಸಹಪಾಠಿಗಳ ಪಾಲಿಗೆ. ರಾತ್ರಿಶಾಲೆಯಲ್ಲಿ ಪಕ್ಕದ ಬೆಂಚಿನವನು ಇನ್ನೊಂದು ಹೋಟೆಲಿನ ಮಾಣಿ. ಒಬ್ಬನಿಗೆ ನಿದ್ದೆ ಬಂದರೆ ಇನ್ನೊಬ್ಬ ತಟ್ಟಿ ಎಬ್ಬಿಸುತ್ತಿದ್ದ, ಕೊನೆಯ ಗಾಡಿಗೆ ಓಡುವಾಗ ಇಬ್ಬರೂ ಗಣಿತದ ಸೂತ್ರ ಬಾಯಿಪಾಠ ಹೇಳುತ್ತಿದ್ದರು. ಆನ್‌ಲೈನ್ ಚರ್ಚಾವೇದಿಕೆ ಆ ಜಾಗವನ್ನು ತುಂಬಲಾರದು. ಆದ್ದರಿಂದ ಒಂದೇ ಕಚೇರಿಯ, ಒಂದೇ ಲೋಕಲ್ ಡಬ್ಬಿಯ ಇಬ್ಬರು ಮೂವರು ಸೇರಿ ಒಂದೇ ಕೋರ್ಸು ಹಿಡಿಯುವುದು ಯೋಜನೆಯ ದೊಡ್ಡ ಅಂಶ. ಮುಂಬೈಯ ಕನ್ನಡ ಸಂಘಗಳಿಗೆ ರಾತ್ರಿಶಾಲೆ ನಡೆಸಿದ ಅನುಭವವಿದೆ. ಮಾಟುಂಗಾದ ಮೈಸೂರು ಅಸೋಸಿಯೇಶನ್ನಿನಂಥ ಸಭಾಗೃಹಗಳು ಭಾನುವಾರದ ಒಂದು ಹೊತ್ತನ್ನು ಹೀಗೆ ಓದುವವರಿಗೆ ಬಿಟ್ಟುಕೊಟ್ಟರೆ ಹಳೆಯ ಕೆಲಸ ಹೊಸ ರೂಪದಲ್ಲಿ ಮುಂದುವರಿದಂತಾಗುತ್ತದೆ.

ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯ ಮೈತ್ರೇಯಿಗೆ ಶ್ರವಣ, ಮನನ, ನಿದಿಧ್ಯಾಸನ ಎಂಬ ಮೂರು ಹಂತಗಳನ್ನು ಹೇಳುತ್ತಾನೆ. ಅದು ಆತ್ಮಜ್ಞಾನದ ಪ್ರಸಂಗವಾದರೂ ಯಾವ ಕಲಿಕೆಗೂ ಸಲ್ಲುವ ಕ್ರಮ. ಬೆಳಗಿನ ಲೋಕಲ್‌ನಲ್ಲಿ ಮೇಲಿನ ಹಿಡಿಕೆಗೆ ಜೋತು, ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಸಿಕ್ಕಿಸಿ, ಒಂದೂವರೆ ಪಟ್ಟು ವೇಗದಲ್ಲಿ ಪಾಠ ಕೇಳುವವರಿದ್ದಾರೆ. ಕುರ್ಲಾದಲ್ಲಿ ಜನ ನುಗ್ಗಿದಾಗ ಫೋನು ಎದೆಗೆ ಒತ್ತಿಕೊಳ್ಳಬೇಕು, ಸಾಯನ್ ದಾಟಿದ ಮೇಲೆ ಎರಡು ನಿಮಿಷ ಹಿಂದಕ್ಕೆ ಸರಿಸಬೇಕು. ಇದು ಶ್ರವಣ, ಗೌರವಕ್ಕೆ ತಕ್ಕದ್ದೇ. ಆದರೆ ನೂರು ವಿಡಿಯೊ ಕೇಳಿದರೂ ಮನನ ಆಗಿರುವುದಿಲ್ಲ. 'ಸ್ವಯಂ' ವೇದಿಕೆಯ ಎನ್‌ಪಿಟಿಇಎಲ್ ಕೋರ್ಸುಗಳಲ್ಲಿ ಪ್ರತಿ ವಾರದ ಅಸೈನ್‌ಮೆಂಟುಗಳಿಗೆ ಒಟ್ಟು ಶೇ. 25, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ ಶೇ. 75 ಅಂಕ ಇಟ್ಟಿರುವುದು ಕೇಳಿದ್ದನ್ನು ತಿರುಗಿಸಿ ಯೋಚಿಸಲಿ ಎಂದು. ಮನನಕ್ಕೆ ಗಾಡಿ ಸಾಲದು. ಮೇಜು, ಕಾಗದ, ಬಾಗಿಲು ಮುಚ್ಚಿದ ಅರ್ಧ ಗಂಟೆ ಬೇಕು. ಚಾಳಿನ ಒಂದೇ ಕೋಣೆಯಲ್ಲಿ ಬಾಗಿಲು ಮುಚ್ಚುವುದೆಂದರೆ ಉಳಿದವರು ಹೊರಗೆ ಕೂರುವುದು. ಅವರ ಒಪ್ಪಿಗೆಯಿಲ್ಲದೆ ಈ ಓದು ನಡೆಯದು. ಬೇರೆಯವರು ಬರೆದ ಉತ್ತರಗಳನ್ನು ದುಡ್ಡು ಕೊಟ್ಟು ತಂದು ಒಪ್ಪಿಸುವವರು ಹೊರಗೆ ಕೂತ ಆ ಮನೆಯವರಿಗೂ ಅನ್ಯಾಯ ಮಾಡುತ್ತಾರೆ. ಅದು ಅಸ್ತೇಯವ್ರತದ ಭಂಗ. ಮೃದುವಾದ ಹೆಸರು ಅದಕ್ಕೆ ಬೇಡ.

ಓದಿಗೂ ಕಾಯಕಕ್ಕೂ ಜಗಳ ಬಂದಾಗ ಏನು ಮಾಡಬೇಕೆಂಬುದನ್ನು ಕನ್ನಡದಲ್ಲಿ ಅತ್ಯಂತ ಸ್ಪಷ್ಟವಾಗಿ ಕಂಡವರು ಹನ್ನೆರಡನೆಯ ಶತಮಾನದ ಶರಣರು. ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಎಂದು ಕಸುಬನ್ನೇ ಹೆಸರಿನಲ್ಲಿ ಹೊತ್ತವರು ಅನುಭಾವದ ಗೋಷ್ಠಿಯಲ್ಲಿ ಕೂತರು. ಅವರಲ್ಲಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಯ ಪ್ರಸಂಗ ಈ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುವುದು ಮಾರಯ್ಯನ ಕಾಯಕ. ಒಂದು ದಿನ ಅಲ್ಲಮನೊಡನೆ ಮಾತಿನಲ್ಲಿ ಮುಳುಗಿ ಆತ ಹೊತ್ತು ಮರೆತಾಗ, ಕಾಯಕ ನಿಂತಿದೆ ಎಂದು ಬಂದು ಎಚ್ಚರಿಸಿದವಳು ಲಕ್ಕಮ್ಮ. ಇನ್ನೊಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇದು ಆಸೆ, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬಾ ಎಂದು ಕಳಿಸಿದವಳೂ ಅವಳೇ. ಅಲ್ಲಮನ ಮಾತಿಗಿಂತ ದೊಡ್ಡ ಪಾಠ ಬೇರೊಂದಿರಲಿಲ್ಲ. ಅದೂ ಕಾಯಕವನ್ನು ನಿಲ್ಲಿಸುವಂತಿಲ್ಲ. ರೋಗಿ ಗಂಟೆ ಬಾರಿಸುವಾಗ ವಿಡಿಯೊ ನೋಡುವ ಹಕ್ಕು ಯಾವ ವಿದ್ಯಾರ್ಥಿಗೂ ಇಲ್ಲ. ಲಕ್ಕಮ್ಮನ ಎರಡನೆಯ ಮಾತು ಇಂದಿಗೆ ಇನ್ನೂ ಹತ್ತಿರದ್ದು. ಉಚಿತವಾಗಿ ಸಿಗುತ್ತದೆಂದು ಒಂದೇ ಸಲ ಐದಾರು ಕೋರ್ಸಿಗೆ ಹೆಸರು ಬರೆಸಿ, ಒಂದನ್ನೂ ಮುಗಿಸದೆ, ಮುಂದಿನ ಜನವರಿಗೆ ಮತ್ತೆ ಹೊಸದನ್ನು ಹುಡುಕುವುದು ಆಯ್ದ ಅಕ್ಕಿಯ ಮಿತಿ ಮೀರಿದ್ದೇ. ಒಂದು ಸೆಮಿಸ್ಟರಿಗೆ ಎರಡು ವಿಷಯ, ಮನೆಯಲ್ಲಿ ಮದುವೆಯೋ ಬಾಣಂತನವೋ ಇದ್ದರೆ ಒಂದೇ. ಗಳಿಸಿದ ಕ್ರೆಡಿಟ್‌ಗಳನ್ನು ಕೂಡಿಡಲು 2021ರಿಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಇರುವುದರಿಂದ ನಿಧಾನವಾಗಿ ನಡೆದವರಿಗೆ ನಷ್ಟವಿಲ್ಲ.

ಉಳಿಯುವುದು ಗುರುವಿನ ಪ್ರಶ್ನೆ. ಎದುರಿಗೆ ಗುರುವಿಲ್ಲದ ವಿದ್ಯೆ ವಿದ್ಯೆಯೇ? ಛಾಂದೋಗ್ಯದ ಸತ್ಯಕಾಮ ಜಾಬಾಲನ ಕಥೆ ಇಲ್ಲಿ ದಾರಿ ತೋರುತ್ತದೆ. ತಂದೆ ಯಾರೆಂದು ತಿಳಿಯದ ಹುಡುಗ ನಿಜ ನುಡಿದನೆಂದು ಹಾರಿದ್ರುಮತ ಗೌತಮ ಅವನನ್ನು ಶಿಷ್ಯನಾಗಿ ಸ್ವೀಕರಿಸಿದ. ಆದರೆ ಪಾಠ ಹೇಳಲಿಲ್ಲ, ನಾನೂರು ಬಡಕಲು ಹಸುಗಳನ್ನು ಕೊಟ್ಟು ಕಾಡಿಗೆ ಕಳಿಸಿದ. ಸಾವಿರವಾಗುವ ತನಕ ಮರಳಲಾರೆ ಎಂದು ಹೊರಟ ಸತ್ಯಕಾಮನಿಗೆ ಮರಳುವ ದಾರಿಯಲ್ಲಿ ಎತ್ತು, ಬೆಂಕಿ, ಹಂಸ, ನೀರುಹಕ್ಕಿ ಒಂದೊಂದು ಪಾದದಂತೆ ಬ್ರಹ್ಮವನ್ನು ತಿಳಿಸಿದವು. ಕೆಲಸದ ನಡುವೆಯೇ, ಗುರು ದೂರದಲ್ಲಿರುವಾಗಲೇ ಜ್ಞಾನ ಬಂತು. ಹಾಗಿದ್ದೂ ಅವನು ಗುರುವಿನ ಎದುರು ನಿಂತು, ಆಚಾರ್ಯರ ಬಾಯಿಂದ ಕೇಳಿದ್ದೇ ನೆಲೆ ನಿಲ್ಲುತ್ತದೆ ಎಂದು ಕೇಳಿದ್ದೇನೆ, ನೀವೇ ಹೇಳಿ ಎಂದು ಬೇಡಿದ. ಗುರು ಹೇಳಿದ್ದು ಅದನ್ನೇ, ಒಂದನ್ನೂ ಬಿಡದೆ. ದೂರದಿಂದ ಬಂದ ವಿದ್ಯೆ ಸುಳ್ಳಲ್ಲ, ಆದರೆ ಬಲ್ಲವರೊಬ್ಬರ ಎದುರು ಅದನ್ನಿಟ್ಟು ಸರಿ ನೋಡಿಕೊಳ್ಳಬೇಕು ಎಂದು ಇದರ ಅರ್ಥ ಮಾಡಬಹುದು. ಆನ್‌ಲೈನ್ ವಿದ್ಯಾರ್ಥಿಗೆ ಆ ಬಲ್ಲವರು ಅಧ್ಯಯನ ಕೇಂದ್ರದ ಸಲಹೆಗಾರರಾಗಬಹುದು, ತನ್ನದೇ ವಿಭಾಗದ ಹಿರಿಯರೂ ಆಗಬಹುದು.

ಗುರುವಿನ ಸಾನ್ನಿಧ್ಯವಿಲ್ಲದೆ ನಡೆಯದ ವಿದ್ಯೆಗಳೂ ಇವೆ, ಕಾನೂನು ಅದನ್ನು ಒಪ್ಪಿದೆ. 2020ರ ನಿಯಮಾವಳಿಯಂತೆ ವೈದ್ಯಕೀಯ, ದಂತವೈದ್ಯ, ನರ್ಸಿಂಗ್, ಫಿಸಿಯೋಥೆರಪಿ, ಎಂಜಿನಿಯರಿಂಗ್, ಕಾನೂನು ಮೊದಲಾದ ಪದವಿಗಳನ್ನು ಆನ್‌ಲೈನ್‌ನಲ್ಲಿ ನಡೆಸುವಂತಿಲ್ಲ. 2025ರ ಜುಲೈ-ಆಗಸ್ಟ್ ಸಾಲಿನಿಂದ ಮನಃಶಾಸ್ತ್ರ, ಪೋಷಣಶಾಸ್ತ್ರಗಳೂ ಈ ಪಟ್ಟಿಗೆ ಸೇರಿವೆ. ರಕ್ತನಾಳ ಹುಡುಕಿ ಸೂಜಿ ಚುಚ್ಚುವುದನ್ನು ಪರೇಲಿನ ವಾರ್ಡುಗಳಲ್ಲಿ ಹೊಸ ನರ್ಸುಗಳು ಇಂದಿಗೂ ಹಿರಿಯ ನರ್ಸ್ ಪಕ್ಕದಲ್ಲಿ ನಿಂತಿರುವಾಗಲೇ ಕಲಿಯುತ್ತಾರೆ.